ಪುಟ್ಟಮಾದಯ್ಯ ಮತ್ತು ಕರಡಿಬೆಟ್ಟದ ಉರಿಯಾರತಿ

ಕಕ್ಕೆಹುಂಡಿಗೆ ಪುಟ್ಟಮಾದಯ್ಯನನ್ನು ಹುಡುಕಿಕೊಂಡು ಬಂದವರಿಗೆ ಯಾರೂ ಮನೆ ತೋರಿಸುತ್ತಿರಲಿಲ್ಲ. "ಇಲ್ಲೇ ಸುಮ್ನ ನಿಂತ್ಕಳಿ, ಈಗ ಕೇಳುಸ್ತದ" ಎನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಎಲ್ಲಿಂದಲೋ ಅವನ ಗಂಟಲು ಕೇಳಿಸುತ್ತಿತ್ತು. ದನ ಕರೆದರೂ ಅದೇ ಗಂಟಲು, ಹೆಂಡತಿಯನ್ನು ಕುಡಿಯಲು ನೀರು ಕೇಳಿದರೂ ಅದೇ ಗಂಟಲು.

ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ನಾನು ಸೊಸೆಯಾಗಿ ಆ ಊರಿಗೆ ಬಂದ ಹೊಸತರಲ್ಲಿ ಒಂದು ಸಂಜೆ ಗೋಡೆಯ ಆಚೆ ಯಾರೋ ಜಗಳಕ್ಕೆ ಬಿದ್ದಿದ್ದಾರೆ ಎಂದುಕೊಂಡು ಒಲೆ ಬಿಟ್ಟು ಎದ್ದು ನಿಂತಿದ್ದೆ. ನಮ್ಮತ್ತೆ ನಕ್ಕರು. "ಜಗಳ ಅಲ್ಲ ಕಣಮ್ಮಿ. ಅಂವ ಅವ್ವುನ ಕಿವೀಲಿ ಗುಟ್ಟು ಏಳ್ತಾವ್ನ."

ಆ ಗಂಟಲಿನಿಂದಲೇ ಅವನಿಗೆ ಮೊದಲು ಅನ್ನ ಹುಟ್ಟಿದ್ದು. ದೊಡ್ಡವರು ಬಂಡೀಪುರದ ಕಡೆ ಶಿಕಾರಿಗೆ ಬರುತ್ತಿದ್ದ ಕಾಲದಲ್ಲಿ ಸುತ್ತಲ ಹುಂಡಿ ಹಳ್ಳಿಗಳ ಗಂಡಸರನ್ನು ಕರೆಸಿ, ತಮಟೆ ಬಡಿದು ಕೂಗುಹಾಕಿ ಮೃಗಗಳನ್ನು ಪೊದೆಯಿಂದ ಎಬ್ಬಿಸುವ ಕೆಲಸ ಕೊಡುತ್ತಿದ್ದರು. ಮೀಸೆ ಚಿಗುರುವ ಮೊದಲೇ ಪುಟ್ಟಮಾದಯ್ಯ ಆ ಸಾಲಿನಲ್ಲಿ ನಿಂತಿದ್ದ. ಅವನಿದ್ದ ಕಡೆ ತಮಟೆ ಬೇಕಿರಲಿಲ್ಲ ಎಂದು ಹಳಬರು ಹೇಳುತ್ತಿದ್ದರು. ಆಮೇಲೆ ಕಾಡು ಅಭಯಾರಣ್ಯವಾಯಿತು, ಅಲ್ಲಿ ಕೋವಿ ಹಿಡಿಯುವಂತಿಲ್ಲ ಎಂದಾಯಿತು, ಕೂಗುವವರ ಕೆಲಸ ಹೋಯಿತು. ಒಂದಷ್ಟು ವರ್ಷ ಅವನು ಪಟೇಲ ಮರಿಮಲ್ಲಪ್ಪನವರ ಹೊಲದಲ್ಲಿ ರಾಗಿ ಕಾದ. ಆನೆ ಹೊಲಕ್ಕೆ ಇಳಿದರೆ ಅವನು ಅಟ್ಟಣೆಯ ಮೇಲಿಂದ ಒಂದು ಕೂಗು ಹಾಕಿದರೆ ಸಾಕಿತ್ತು. ಆನೆಗಿಂತ ಮೊದಲು ಪಕ್ಕದ ಹೊಲದ ಕಾವಲುಗಾರ ಎದ್ದು ಓಡುತ್ತಿದ್ದ.

ಅಂಥವನನ್ನು ಅರಣ್ಯ ಇಲಾಖೆಯವರು ವಾಚರ್ ಮಾಡಿಕೊಂಡರು. ಖಾಕಿ ಅಂಗಿ, ಎದೆಗೆ ಒಂದು ಹಿತ್ತಾಳೆ ಬಿಲ್ಲೆ. ನಮ್ಮೂರ ಬೆನ್ನಿಗೇ ಇರುವ ಕರಡಿಬೆಟ್ಟ ಅವನ ಪಾಲಿಗೆ ಬಂತು. ಬೆಟ್ಟಕ್ಕೆ ಬೆಂಕಿ ಬೀಳದಂತೆ ನೋಡಿಕೊಳ್ಳುವುದು, ಉರುಳು ಹಾಕುವವರನ್ನು ಹಿಡಿಯುವುದು ಅವನ ಕೆಲಸ. ರೇಂಜರ್ ಗೋವಿಂದಯ್ಯನವರು ಚಾಮರಾಜನಗರದ ಕಡೆಯವರು, ಕನ್ನಡಕ ಹಾಕಿದ ತೆಳ್ಳನೆಯ ಮನುಷ್ಯ, ಸೈಕಲ್ಲಿನಲ್ಲಿ ಬರುತ್ತಿದ್ದರು. ಅವರು ಮೊದಲ ದಿನವೇ ಹೇಳಿದ ಮಾತು ಊರಿಗೆಲ್ಲ ನಗೆಯಾಯಿತು.

"ನೋಡಪ್ಪಾ ಪುಟ್ಟಮಾದಯ್ಯ, ಕಾಡಿನೊಳಗೆ ಇದ್ದಷ್ಟು ಹೊತ್ತು ನೀನು ಮಾತಾಡಬಾರದು."

"ಕೆಮ್ಬೌದಾ ಸ್ವಾಮಿ?"

"ಕೆಮ್ಮಲೂಬೇಡ."

ಅವನು ಹಾಗೇ ನಡೆದುಕೊಂಡ. ಹಗಲೆಲ್ಲ ಬಾಯಿ ಮುಚ್ಚಿಕೊಂಡು ಬೆಟ್ಟ ಸುತ್ತಿ, ಸಂಜೆ ಮನೆಗೆ ಬಂದು ಮುಖ ತೊಳೆದ ಕೂಡಲೇ ಅದನ್ನೆಲ್ಲ ಒಟ್ಟಿಗೆ ಆಚೆ ಹಾಕುತ್ತಿದ್ದ. ನಾನು ಗೋಡೆಯ ಈಚೆ ರಾಗಿ ಬೀಸುತ್ತ ಕೇಳುತ್ತಿದ್ದೆ. ಕಡವೆ ಕೊಂಬು ಉದುರಿಸಿ ಬೋಳುತಲೆಯಲ್ಲಿ ನಾಚಿಕೊಂಡು ನಿಂತಿದ್ದು, ಕಾಟಿಯ ಮೈಮೇಲಿನ ಉಣ್ಣೆಹುಳ ಹೆಕ್ಕುವ ಹಕ್ಕಿ ಅದರ ಮೂಗಿನೊಳಗೇ ಕೊಕ್ಕು ಹಾಕಿದ್ದು, ಎಲ್ಲ ನನಗೆ ಅಲ್ಲೇ ಕೂತಲ್ಲೇ ಕಾಣುತ್ತಿತ್ತು. ಒಂದು ದಿನ ಹುಲ್ಲಿನೊಳಗೆ ಜಿಂಕೆ ತನ್ನ ಮರಿಯನ್ನು ಅಡಗಿಸಿಟ್ಟು ಹೋಗಿದ್ದು ಅವನ ಕಾಲ ಬಳಿಯೇ ಕಂಡಿತಂತೆ. ಮರಿ ಬೆದರಬಾರದು ಎಂದು ಹಿಂದಹಿಂದಕ್ಕೆ ಹೆಜ್ಜೆ ಇಡುತ್ತ ಬಂದು ಸೀಗೆಮುಳ್ಳಿನ ಪೊದೆಯೊಳಗೆ ಕುಕ್ಕರಿಸಿದ. ಆ ಸಂಜೆ ಅವನ ಹೆಂಡತಿ ಚಿಕ್ಕಬಸಮ್ಮ ಸೂಜಿ ಹಿಡಿದು ಕುಳಿತಳು.

"ಮುಳ್ಳು ಚುಚ್ದಾಗಾದ್ರೂ ಒಂದ್ಕಿತ ಕೂಗ್ಬಾರ್ದಾ" ಎಂದಳು.

"ಕೂಗಂಗಿಲ್ಲ ಕಣಮ್ಮಿ. ಮರಿ ಮಲಗಿತ್ತು."

"ಮನೇಲೂ ಒಂದು ಮರಿ ಮಲಗ್ಯದ. ಅದ್ಕ ಮಾತ್ರ ನಿಮ್ಮ ಕೂಗು ತಪ್ಪಲ್ಲ."

ಮನೆಯ ಮರಿ ಎಂದರೆ ಅವರ ಕೂಸು. ಈ ಕಥೆ ಇರುವುದೇ ಆ ಕೂಸಿನ ಹೆಸರಿನಲ್ಲಿ, ಅದಕ್ಕೆ ಹೆಸರೇ ಇರಲಿಲ್ಲ ಎಂಬುದರಲ್ಲಿ.

ಕರಡಿಬೆಟ್ಟದ ಬುಡದಲ್ಲಿ, ಊರ ಕಡೆಗೆ, ಒಂದು ನಿಲುಗಲ್ಲು ಇದೆ. ಅದೇ ಬೆಟ್ಟದಪ್ಪ. ಗುಡಿ ಇಲ್ಲ, ನೆರಳಿಗೊಂದು ಬೇಲದ ಮರ. ಅಲ್ಲಿಗೆ ಹರಕೆ ಹೊರುವವರು ಕಾಯಿ, ಕೋಳಿ ಎನ್ನುತ್ತಿರಲಿಲ್ಲ. "ಉರಿಯಾರತಿ ಮಾಡುಸ್ತೀನಿ ನಮ್ಮಪ್ಪ" ಎನ್ನುತ್ತಿದ್ದರು. ಎಂದರೆ, ಬೇಡಿದ್ದು ಕೈಗೂಡಿದ ಮೇಲೆ, ಹುಲ್ಲು ಒಣಗಿದ ಕಾಲದಲ್ಲಿ, ಸ್ವಂತ ಒಲೆಯ ಕೆಂಡವನ್ನು ಗಡಿಗೆಯಲ್ಲಿ ಹೊತ್ತು ಹೋಗಿ ಕಲ್ಲಿನ ಮುಂದಿನ ಹುಲ್ಲಿಗೆ ಹಚ್ಚುವುದು. ಉರಿ ಬೆಟ್ಟ ಹತ್ತಿದಷ್ಟೂ ದೇವರು ಒಪ್ಪಿದ ಎಂದು ಲೆಕ್ಕ. ಹಚ್ಚಿದ ಉರಿಯನ್ನು ಯಾರೂ ಆರಿಸುವಂತಿಲ್ಲ. ಸೊಪ್ಪಿನಿಂದ ಅದನ್ನು ಬಡಿದರೆ ದೇವರ ಕೆನ್ನೆಗೆ ಬಡಿದ ಹಾಗೆ. ಹೀಗಾಗಿ ಪ್ರತಿ ವರ್ಷ ಯಾರದಾದರೂ ಹರಕೆ ತೀರಿ ಬೆಟ್ಟ ಬೋಳಾಗುತ್ತಿತ್ತು. ದನದ ಯಜಮಾನರಿಗೂ ಅದೇ ಬೇಕಿತ್ತು, ಮೊದಲ ಮಳೆಗೆ ಹಸಿಹುಲ್ಲು ಬರುತ್ತದಲ್ಲ. ಬೆಟ್ಟದೊಳಗಿನ ಜಿಂಕೆಮರಿ, ನವಿಲಿನ ಮೊಟ್ಟೆ ಇವನ್ನು ಕೇಳುವವರು ಯಾರು? ನಾನಂತೂ ಕೇಳಿರಲಿಲ್ಲ. ನಮ್ಮ ಕಣ್ಣಿಗೆ ಅದು ಆರತಿಯಾಗಿಯೇ ಕಾಣುತ್ತಿತ್ತು, ಚೆನ್ನಾಗಿಯೂ ಕಾಣುತ್ತಿತ್ತು.

ಪುಟ್ಟಮಾದಯ್ಯ ವಾಚರ್ ಆದ ಮೇಲೆ ಎರಡು ಬೇಸಿಗೆ ಉರಿಯಾರತಿ ನಡೆಯಲಿಲ್ಲ. ಅವನು ಯಾರನ್ನೂ ಬೈಯಲಿಲ್ಲ, ಕೇಸು ಹಾಕಲಿಲ್ಲ. ಕೆಂಡದ ಗಡಿಗೆ ಹೊತ್ತು ಬಂದವರನ್ನು ಬೇಲದ ಮರದ ಕೆಳಗೆ ಕೂರಿಸಿಕೊಂಡು, "ದೇವ್ರೇನು ಓಡೋಗ್ತನಾ ಅಣ್ಣ, ಬರೋ ವರ್ಸ ನೋಡನ" ಎಂದು ಎಲೆಅಡಿಕೆ ಕೊಟ್ಟು ಕಳಿಸುತ್ತಿದ್ದ. ಅವನ ಮುಖ ನೋಡಿ ಅವರು ಹಿಂದಿರುಗುತ್ತಿದ್ದರು. ಹಾಗೆ ಅರ್ಧ ಊರಿನ ಹರಕೆ ಬಾಕಿ ನಿಂತಿತು.

ಕೊನೆಗೆ ಬಂದದ್ದು ಅವನ ಸ್ವಂತ ಅವ್ವ ಬಸವಮ್ಮ.

ಚಿಕ್ಕಬಸಮ್ಮನಿಗೆ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಮಗ ಇನ್ನೂ ಪಟೇಲರ ಹೊಲ ಕಾಯುತ್ತಿದ್ದಾಗಲೇ ಬಸವಮ್ಮ ಬೆಟ್ಟದಪ್ಪನ ಮುಂದೆ ಅಡ್ಡಬಿದ್ದು, ಸೊಸೆಯ ಮಡಿಲು ತುಂಬಿದರೆ ಉರಿಯಾರತಿ ಎಂದು ಹೇಳಿಬಿಟ್ಟಿದ್ದಳು. ಹೇಳುವಾಗ ಅದರಲ್ಲಿ ತೊಡಕೇನೂ ಕಾಣಲಿಲ್ಲ. ಮೈಸೂರು ರಾಜ್ಯಕ್ಕೆ ಆಚೆಯ ಜಿಲ್ಲೆಗಳೆಲ್ಲ ಸೇರಿ ರಾಜ್ಯ ದೊಡ್ಡದಾಯಿತಲ್ಲ, ಆ ವರ್ಷ ದೀಪಾವಳಿಯ ಆಸುಪಾಸಿನಲ್ಲಿ ಹೆಣ್ಣುಕೂಸು ಹುಟ್ಟಿತು. ಕಪ್ಪಗೆ, ದುಂಡಗೆ, ಅಪ್ಪನದೇ ಗಂಟಲು. ಬಸವಮ್ಮ ಊರಿಗೆಲ್ಲ ಬೆಲ್ಲ ಹಂಚಿದಳು. ತೊಟ್ಟಿಲು ಕಟ್ಟುವ ಮಾತು ಬಂದಾಗ ಮಾತ್ರ, "ಅರ್ಕೆ ತೀರೋಗಂಟ ಎಸ್ರು ಇಡಂಗಿಲ್ಲ" ಎಂದಳು.

ಹೆಸರಿಲ್ಲದ ಕೂಸಿಗೆ ಒಬ್ಬೊಬ್ಬರು ಒಂದೊಂದು ಹೆಸರಿಟ್ಟರು. ಅಪ್ಪನಿಗೆ ಅದು ಜಿಂಕೆ. ಪಟೇಲರ ಮನೆಯವರಿಗೆ ವಾಚರ್ ಕೂಸು. ರಸ್ತೆಯಲ್ಲಿ ಚಹಾದಂಗಡಿ ಇಟ್ಟಿದ್ದ ಮಲಯಾಳದ ಕಾಕಾ ಅದನ್ನು ಕಂಡಾಗಲೆಲ್ಲ "ಮೋಳೇ" ಎನ್ನುತ್ತಿದ್ದ, ಮಗಳೇ ಎಂದು. ಕೂಸು ಅದಕ್ಕೇ ಹೆಚ್ಚು ತಿರುಗುತ್ತಿತ್ತು.

"ಇಂಗೇ ಬುಟ್ರ ನಮ್ಮ ಕೂಸು ಮಲಯಾಳ ಮಾತಾಡ್ತದ ಅಷ್ಟೇಯ" ಎಂದು ಚಿಕ್ಕಬಸಮ್ಮ ನನ್ನ ಹತ್ತಿರ ಹೇಳಿಕೊಂಡು ನಗುತ್ತಿದ್ದಳು. ಆದರೆ ಒಳಗೇ ಅವಳಿಗೆ ಕಳವಳ. ಆ ವರ್ಷ ಮೇಲಿನವರಿಂದ ಗಟ್ಟಿಯಾಗಿ ಆಜ್ಞೆ ಬಂದಿತ್ತು: ಬೆಟ್ಟ ಸುಟ್ಟರೆ ಆ ಬೆಟ್ಟದ ವಾಚರನ ಬಿಲ್ಲೆ ಕಿತ್ತುಕೊಳ್ಳುವುದು. ಗೋವಿಂದಯ್ಯನವರೇ ಅದನ್ನು ಓದಿ ಹೇಳಿದ್ದರು, ಹೇಳುವಾಗ ಅವರ ಮುಖವೂ ಚಿಕ್ಕದಾಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಗೋಡೆಯ ಆಚೆ ದಿನಕ್ಕೊಂದು ಪಂಚಾಯಿತಿ.

"ಅವ್ವ, ಉರಿ ಬದ್ಲು ದೀಪ ಅಚ್ಚನ. ಕಲ್ಲಿನ ಸುತ್ತ ಸಾಲಾಗಿ ಎಣ್ಣೆದೀಪ. ನಾನೇ ಎಣ್ಣ ತತ್ತೀನಿ."

"ಕುರಿ ಅರ್ಕೆ ಹೊತ್ಕಂಡು ಕೋಳಿ ಕೊಟ್ರ ಒಪ್ಪಾನೇನ್ಲಾ?"

"ಒಂದು ಹಿಡಿ ಪಿಳ್ಳೆಹುಲ್ಲು ಕಿತ್ತಾಕಿ ಸುಡನ ಅಂಗಾದ್ರ. ಅದೂ ಉರಿನೇಯ."

"ನೀ ಹುಟ್ಟುದಾಗ ನಿಮ್ಮಪ್ಪ ಮಾಡ್ಸುದ್ದ ಉರಿ ಗುಂಡ್ಲುಪೇಟೆ ಸಂತೆಗ ಕಾಣ್ತಿತ್ತು. ನನ್ ಮೊಮ್ಮಗ್ಳಿಗ ಪಿಳ್ಳೆಹುಲ್ಲಾ?"

ಚಿಕ್ಕಬಸಮ್ಮ ನಡುವೆ ಬಾಯಿ ಹಾಕಿದಳು. "ಅತ್ತೆ, ಬೆಟ್ಟ ಸುಟ್ರ ಕೂಸ್ಗ ಎಸ್ರು ಸಿಕ್ತದ. ಆಮೇಲ ಅನ್ನ?"

"ಅನ್ನ ಕೊಡೋನ್ಗೇ ಕೊಟ್ ಮಾತು ತಪ್ಪುದ್ರ ಅನ್ನ ಎಲ್ಲಿಂದ ಬತ್ತದ?" ಎಂದಳು ಬಸವಮ್ಮ. ಅವಳು ಕೆಟ್ಟವಳಲ್ಲ. ಮೊಮ್ಮಗಳ ಮೇಲೆ ಜೀವ ಇಟ್ಟಿದ್ದಳು, ಅದಕ್ಕೇ ಹೆದರಿದ್ದಳು. ಕೊಟ್ಟ ಮಾತು ತಪ್ಪಿದರೆ ಕೊಟ್ಟದ್ದನ್ನು ದೇವರು ಹಿಂದಕ್ಕೆ ಕೇಳಿಬಿಟ್ಟರೆ ಎಂಬ ಹೆದರಿಕೆ. ಕೂಸು ಒಂದು ಸಲ ಸೀನಿದರೂ ಅವಳ ಕಣ್ಣು ಬೆಟ್ಟದ ಕಡೆಗೆ ಹೋಗುತ್ತಿತ್ತು.

ಇದರ ನಡುವೆ ಗೋವಿಂದಯ್ಯನವರು ಊರಿಗೆ ಬಂದು ಒಂದು ತಮಾಷೆ ಮಾಡಿದರು. ನಮಗೆ ತಮಾಷೆಯಾಗಿ ಕಂಡಿತು ಎನ್ನಬೇಕು. ಪಟೇಲರ ಕಣದಲ್ಲಿ ಒಣಹುಲ್ಲನ್ನು ಉದ್ದಕ್ಕೆ ಹಾಸಿಸಿ, ಗಾಳಿ ಬರುವ ತುದಿಗೆ ಬೆಂಕಿ ಹಚ್ಚಿದರು. ಅದು ಓಡುತ್ತ ಬರುವಾಗ ಇನ್ನೊಂದು ತುದಿಗೂ ತಾವೇ ಹಚ್ಚಿದರು. ಎರಡು ಬೆಂಕಿಯೂ ನಡುವೆ ಸೇರಿ, ಒಂದು ಸಲ ಎದ್ದು, ತಿನ್ನಲು ಏನೂ ಇಲ್ಲದೆ ಸತ್ತುಹೋದವು.

"ಕಂಡಿರಾ? ಬೆಂಕಿಯನ್ನು ಬೆಂಕಿಯಿಂದಲೇ ನಿಲ್ಲಿಸಬಹುದು" ಎಂದರು.

"ಕಂಡೋ ಸ್ವಾಮಿ. ಹುಲ್ಲು ಮಾತ್ರ ನಂದು" ಎಂದರು ಮರಿಮಲ್ಲಪ್ಪನವರು.

ಎಲ್ಲರೂ ನಕ್ಕರು. ರೇಂಜರೂ ನಕ್ಕು ಮುಂದಿನ ಮಾತು ಹೇಳಿದರು. ಬೆಟ್ಟದ ಸೊಂಟದ ಸುತ್ತ ಗಾಡಿದಾರಿಯಷ್ಟು ಅಗಲ ಹುಲ್ಲು ಕೆತ್ತಿಸಿ ಬರಿಮಣ್ಣು ಮಾಡಿಸಿದ್ದರು, ಅದನ್ನು ಬೆಂಕಿಗೆರೆ ಎನ್ನುತ್ತಿದ್ದರು. ಆದರೆ ಗಾಳಿಯಿದ್ದರೆ ಬೆಂಕಿ ಅಷ್ಟು ಅಗಲವನ್ನು ಹಾರಿಬಿಡುತ್ತದೆ. ಅದಕ್ಕೆ ಗೆರೆಯಿಂದ ಕೆಳಕ್ಕೆ, ಬೆಟ್ಟದ ಬುಡದವರೆಗಿನ ಹುಲ್ಲನ್ನು ಗಾಳಿಯಿಲ್ಲದ ಒಂದು ಬೆಳಿಗ್ಗೆ ನಾವೇ ಸುಟ್ಟುಬಿಟ್ಟರೆ ಮೇಲಿನ ಬೆಟ್ಟ ಉಳಿಯುತ್ತದೆ. ಆಳು ಬೇಕು, ಕೂಲಿ ಕೊಡುತ್ತೇವೆ, ಬನ್ನಿ ಎಂದು ಕರೆದರು. ಹುರುಳಿ ಕೀಳುವ ಕಾಲ. ಯಾರೂ ಹೋಗಲಿಲ್ಲ. ಅಂಥ ಬೆಳಿಗ್ಗೆಗಳು ಒಂದೊಂದಾಗಿ ಕಳೆದುಹೋಗಿ, ಗಾಳಿಯ ಕಾಲ ಬಂದೇಬಿಟ್ಟಿತು.

ಶಿವರಾತ್ರಿಗೆ ಮುಂಚಿನ ಒಂದು ಸೋಮವಾರ. ಪುಟ್ಟಮಾದಯ್ಯ ಬೆಟ್ಟದ ಮೇಲೆ, ಚಿಕ್ಕಬಸಮ್ಮ ಪಟೇಲರ ಹುರುಳಿಹೊಲದಲ್ಲಿ. ಊಟದ ಹೊತ್ತು ಕಳೆದ ಮೇಲೆ ಬಸವಮ್ಮ ನಮ್ಮ ಬಾಗಿಲಿಗೆ ಬಂದಳು.

"ಬಾರಮ್ಮಿ, ಕೂಸ ಎತ್ಕ. ಬೆಟ್ಟದಪ್ಪುಂಗ ಒಂದು ಕಾಯಿ ಒಡ್ಕಂಡು ಬರನ."

ಅವಳ ತಲೆಯ ಮೇಲೆ ಎಕ್ಕದೆಲೆ ಮುಚ್ಚಿದ ಒಂದು ಗಡಿಗೆ ಇತ್ತು. ನಾನು ಅದು ಮೊಸರನ್ನ ಎಂದುಕೊಂಡೆ. ಕೂಸು ನನ್ನ ಭುಜ ಕಚ್ಚುತ್ತ ಬಂತು. ಕಲ್ಲಿಗೆ ಕುಂಕುಮ ಇಟ್ಟಳು, ಕಾಯಿ ಒಡೆದಳು, ಕೂಸಿನ ಹಣೆಯನ್ನು ಕಲ್ಲಿಗೆ ಮುಟ್ಟಿಸಿದಳು. ಆಮೇಲೆ ಎಕ್ಕದೆಲೆ ತೆಗೆದಾಗ ಒಳಗೆ ಬೆರಣಿಯ ಮೇಲೆ ಕೆಂಡ ಮಿಣಮಿಣ ಎನ್ನುತ್ತಿತ್ತು.

"ದೊಡ್ಡವ್ವ, ಪುಟ್ಟಮಾದಣ್ಣುಂಗ ಗೊತ್ತಾ ಇದು?"

"ಅಂವುಂಗ ಗೊತ್ತಾದ್ರ ಎಲೆಅಡ್ಕೆ ಕೊಡ್ತಾನ. ಕೂಸ ಬಿಗಿಯಾಗಿ ಹಿಡ್ಕ" ಎಂದವಳೇ ಗಡಿಗೆಯನ್ನು ಹುಲ್ಲಿಗೆ ಬಗ್ಗಿಸಿಬಿಟ್ಟಳು.

ಗಾಳಿ ನಮ್ಮ ಬೆನ್ನ ಕಡೆಯಿಂದ ಬೆಟ್ಟದ ಕಡೆಗೆ ಇತ್ತು. ಮೊದಲು ಬರೀ ಹೊಗೆ. ಆಮೇಲೆ ಹುಲ್ಲು ಚಟಪಟ ಎಂದು ಉರಿ ಮೊಣಕಾಲೆತ್ತರ, ಆಳೆತ್ತರ ಆಯಿತು. ಹೊಲದಲ್ಲಿದ್ದವರು ಹೊಗೆ ಕಂಡು ಓಡಿಬಂದರು. ಎರಡು ವರ್ಷದಿಂದ ಕಾಣದ ಉರಿ ಕಂಡು ಎಲ್ಲರೂ ಕೈ ಮುಗಿದು ನಿಂತರು. ಚಿಕ್ಕಬಸಮ್ಮ ಬಂದವಳೇ ನನ್ನ ಕೈಯಿಂದ ಕೂಸನ್ನು ಕಿತ್ತುಕೊಂಡು, ಅತ್ತೆಯ ಮುಖ ನೋಡಿ, ಬೆಟ್ಟದ ಮೇಲಕ್ಕೆ ಕಣ್ಣು ಹಾಯಿಸಿದಳು.

ಮೇಲೆ, ಬರಿಮಣ್ಣಿನ ಗೆರೆಯ ಮೇಲೆ, ಖಾಕಿ ಅಂಗಿ ಕಾಣಿಸಿತು.

"ಆರ್ಸ್ರಪ್ಪೋ, ಸೊಪ್ಪು ಮುರ್ಕಂಡು ಬನ್ರಪ್ಪೋ" ಎಂದು ಪುಟ್ಟಮಾದಯ್ಯ ಕೂಗಿದ. ಬೆಟ್ಟದ ಮೇಲೆ ಅವನು ಬಾಯಿ ತೆರೆದದ್ದು ಅದೇ ಮೊದಲು.

ಯಾರೂ ಅಲುಗಾಡಲಿಲ್ಲ. "ಆರತಿಗ ಸೊಪ್ಪಲ್ಲಿ ಬಡ್ಯಕ್ಕಾಯ್ತದಾ ಮಗ" ಎಂದರು ಮರಿಮಲ್ಲಪ್ಪನವರು, ಅವನಿಗೆ ಕೇಳಿಸುವಷ್ಟು ಜೋರಾಗಿ. ಅವರ ದನಿಯಲ್ಲಿ ದನದ ಹಸಿಹುಲ್ಲೂ ಸ್ವಲ್ಪ ಇತ್ತು.

ಅವನು ತಾನೇ ಒಂದು ಕೊಂಬೆ ಮುರಿದುಕೊಂಡು ಪಕ್ಕದ ಕಾಲುದಾರಿಯಲ್ಲಿ ಇಳಿದು ಬಂದ. ಬಸವಮ್ಮ ಉರಿಗೂ ಅವನಿಗೂ ನಡುವೆ ನಿಂತಳು. "ನಿನ್ ಕೂಸ್ಗ ಹೊತ್ತ ಉರಿ ಕಣ್ಲಾ ಅದು" ಎಂದಳು, ಅಷ್ಟೇ.

ಅವನು ಕೊಂಬೆಯನ್ನು ನೋಡಿದ. ಕೂಸನ್ನು ನೋಡಿದ. ಬೆಟ್ಟವನ್ನು ನೋಡಿದ. ಗೆರೆಯ ಮೇಲೆ ಒಣಹುಲ್ಲು ಬೆಟ್ಟದ ತಲೆಯವರೆಗೂ ಹಳದಿಯಾಗಿ ನಿಂತಿತ್ತು, ಅದರೊಳಗೆ ಎಲ್ಲೋ ಒಂದು ಜಿಂಕೆ ಹೆದರಿ ಕೂಗುತ್ತಿತ್ತು. ಕೊಂಬೆಯನ್ನು ಕೆಳಗೆ ಹಾಕಿದ. ಬಿಟ್ಟುಬಿಟ್ಟ, ಸೋತ ಎಂದುಕೊಂಡೆ.

ಅವನು ಎರಡೂ ಕೈ ಬಾಯಿಗೆ ಹಿಡಿದು ಕೂಗಿದ. ಮೃಗ ಎಬ್ಬಿಸುತ್ತಿದ್ದ ಹಳೆಯ ಕೂಗು.

"ಅರ್ಕೆ ಬಾಕಿ ಇರೋರೆಲ್ಲ ಮೇಲ್ಕ ಬನ್ರಪ್ಪೋ. ಎಲ್ಲಾರ್ದೂ ಇವತ್ತೇ ತೀರ್ಸ್ಬುಡನ. ಗೆರೆ ಮೇಲ್ ನಿಂತ್ಕಂಡು ಅಚ್ಚಿ, ಗೆರೆಯಿಂದ ಕೆಳಕ್ಕ ಅಚ್ಚಿ."

ಆರಿಸಲು ಒಬ್ಬನೂ ಬಾರದ ಊರು ಹಚ್ಚಲು ಮೂಟೆಯಂತೆ ಬಿಚ್ಚಿಕೊಂಡಿತು. ಎರಡು ವರ್ಷ ಎಲೆಅಡಿಕೆ ತಿಂದು ಹಿಂದಿರುಗಿದವರೆಲ್ಲ ಇದ್ದರು. ಮದುವೆಗೆ ಹೊತ್ತವರು, ಹಸು ಕರು ಹಾಕಲೆಂದು ಹೊತ್ತವರು, ಕೋರ್ಟಿನ ವ್ಯಾಜ್ಯಕ್ಕೆ ಹೊತ್ತವರು. ಉರಿಯ ಅಂಚಿನಿಂದ ಉರಿಯುವ ಹುಲ್ಲಿನ ಹಿಡಿ ಕಿತ್ತುಕೊಂಡು ಕಾಲುದಾರಿಯಲ್ಲಿ ಏದುಸಿರು ಬಿಡುತ್ತ ಮೇಲಕ್ಕೆ ಓಡಿದರು. ಪುಟ್ಟಮಾದಯ್ಯ ಗೆರೆಯ ಉದ್ದಕ್ಕೂ ಓಡಾಡಿ ಅವರನ್ನು ಸಾಲಾಗಿ ನಿಲ್ಲಿಸಿದ, ಹಿಂದೆ ಶಿಕಾರಿಯಲ್ಲಿ ತನ್ನನ್ನು ನಿಲ್ಲಿಸುತ್ತಿದ್ದ ಹಾಗೆ.

"ಮೇಲ್ಕ ಅಲ್ಲ ಕಣ್ಲಾ ಲಿಂಗಯ್ಯ, ಕೆಳುಕ್ಕ. ಕಾಲು ಮಣ್ಮೇಲಿರ್ಲಿ. ಕಿಡಿ ಹಾರುದ್ರ ಹಿಂದ್ಕ ತಿರುಗಿ ತುಳೀರಿ, ಮೇಲಿನ್ ಹುಲ್ಲು ಯಾರ ಅರ್ಕೆನೂ ಅಲ್ಲ."

ಗಾಳಿಗೆ ಎದುರಾಗಿ ಮೇಲಿನ ಉರಿ ಒಲ್ಲದ ಮನಸ್ಸಿನಿಂದ, ಎಳೆಗೂಸು ಅಂಬೆಗಾಲಿಕ್ಕುವಂತೆ ಕೆಳಕ್ಕೆ ಸರಿಯಿತು. ಕೆಳಗಿನ ಉರಿ ಬುಸುಗುಡುತ್ತ ಮೇಲಕ್ಕೆ ಬಂತು. ನಾವು ಕೆಳಗೆ ನಿಂತವರಿಗೆ ನಡುವಿನ ಹುಲ್ಲು ಸಣ್ಣಗಾಗುತ್ತ ಬಂದದ್ದು ಕಾಣುತ್ತಿತ್ತು. ಚಿಕ್ಕಬಸಮ್ಮ ನನ್ನ ಕೈ ಹಿಸುಕಿ ಹಿಡಿದಿದ್ದಳು. ಎರಡು ಉರಿಯೂ ಮುಟ್ಟಿದಾಗ ಮರದೆತ್ತರ ಒಂದು ಜ್ವಾಲೆ ಎದ್ದು, ಭುಗಿಲ್ ಎಂದಿತು. ಆಮೇಲೆ ಯಾರೋ ಊದಿದ ಹಾಗೆ ಆರಿಹೋಯಿತು. ಹೊಗೆ ಸರಿದಾಗ ಕೆಳಗೆಲ್ಲ ಕರಿ, ಮೇಲೆ ಹಳದಿ, ನಡುವೆ ಮಣ್ಣಿನ ಗೆರೆ, ಗೆರೆಯ ಮೇಲೆ ಮಸಿಮುಖದ ನಮ್ಮೂರ ಜನ.

ಮುದುಕ ಚಿಕ್ಕಬೀರಯ್ಯ ಕೋಲು ಊರಿಕೊಂಡು ಮುಂದೆ ಬಂದು ಹೇಳಿದ: "ನಾವ್ ಕಂಡಂಗ ಉರಿ ಯಾವಾಗ್ಲೂ ಕೆಳುಗ್ಲಿಂದ ಮೇಲ್ಕ ಓಗದು. ಇವತ್ತು ಬೆಟ್ಟದಪ್ಪ ಇಳ್ದು ಬಂದು ಎದುರುಗೊಂಡ್ನಲ್ಲ ಬಸವಿ."

ಬಸವಮ್ಮ ಅಲ್ಲೇ ಬೂದಿಯ ಮೇಲೆ ಅಡ್ಡಬಿದ್ದಳು.

ಪುಟ್ಟಮಾದಯ್ಯ ಕೆಳಗೆ ಬಂದಾಗ ಅವನ ಹುಬ್ಬು ಸುಟ್ಟಿತ್ತು, ಮೀಸೆ ಒಂದು ಕಡೆ ಗಿಡ್ಡವಾಗಿತ್ತು. ಅವ್ವನಿಗೆ ಏನೋ ಹೇಳಲು ಬಾಯಿ ತೆರೆದ. ದನಿಯೇ ಬರಲಿಲ್ಲ. ಗಂಟಲು ಬಿದ್ದುಹೋಗಿತ್ತು. ಆ ಸಂಜೆ ಮೊದಲ ಸಲ ನಮ್ಮ ಗೋಡೆಯ ಆಚೆ ಮೌನ. ನಮ್ಮತ್ತೆಗೆ ನಿದ್ದೆ ಬರಲಿಲ್ಲ.

ಮರುದಿನ ಗೋವಿಂದಯ್ಯನವರ ಸೈಕಲ್ ಬಂತು. ಚಿಕ್ಕಬಸಮ್ಮ ಬಿಲ್ಲೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ತೊಳೆದಿಟ್ಟಿದ್ದಳು, ಕೊಡುವುದೇ ಆದರೆ ಚೊಕ್ಕಟವಾಗಿ ಕೊಡೋಣ ಎಂದು. ರೇಂಜರ್ ಮೊದಲು ಬೆಟ್ಟಕ್ಕೆ ಹೋಗಿ ಗೆರೆಯ ಉದ್ದಕ್ಕೂ ನಡೆದು ಬಂದರು. ಅಷ್ಟರಲ್ಲಿ ಊರು ಬೇಲದ ಮರದ ಕೆಳಗೆ ಸೇರಿತ್ತು.

"ಯಾರು ಹಚ್ಚಿದ್ದು?"

ಪುಟ್ಟಮಾದಯ್ಯ ಬಾಯಿ ಆಡಿಸಿದ, ಗಾಳಿ ಮಾತ್ರ ಬಂತು. "ನಾವು" ಎಂದ ಲಿಂಗಯ್ಯ. "ನಾವೂನು" ಎಂದರು ಇನ್ನಷ್ಟು ಜನ. ಮರಿಮಲ್ಲಪ್ಪನವರು ಕೆಮ್ಮಿದರು. ಬಸವಮ್ಮ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದಳು.

"ಮೊದ್ಲು ಅಚ್ಚುದವಳು ನಾನು ಸ್ವಾಮಿ. ನನ್ ಮಗ ಅಲ್ಲ. ಅವುನ್ ಬಿಲ್ಲೆ ಕೀಳ್ಬ್ಯಾಡಿ. ಜೈಲ್ಗ ಕರ್ಕಂಡೋಗದಾದ್ರ ನನ್ ಕರ್ಕಂಡೋಗಿ. ಎಲೆ ಅಡ್ಕೆ ಚೀಲ ತಂದಿವ್ನಿ."

ಚೀಲವನ್ನು ತೋರಿಸಿಯೂಬಿಟ್ಟಳು. ಗೋವಿಂದಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. ನಗು ತಡೆದುಕೊಳ್ಳಲು ಎಂದು ನನಗನ್ನಿಸಿತು.

"ಅಮ್ಮ, ಗೆರೆಯ ಮೇಲೆ ಬೆಟ್ಟದ ಒಂದು ಹುಲ್ಲೂ ಸುಟ್ಟಿಲ್ಲ. ಸುಟ್ಟಿರುವುದು ನಾನು ಸುಡಿಸಬೇಕಾಗಿದ್ದ ಜಾಗ. ಕೂಲಿ ಕೊಡುತ್ತೇನೆ ಎಂದು ನಾನು ಕರೆದೆ, ಒಬ್ಬರೂ ಬರಲಿಲ್ಲ. ನಿಮ್ಮ ದೇವರು ಕರೆದ, ಊರೇ ಬಂತು. ಯಾರ ಬಿಲ್ಲೆ ಕೀಳಲಿ?" ಆಮೇಲೆ ಮುಖ ಗಟ್ಟಿ ಮಾಡಿಕೊಂಡರು. "ಆದರೆ ಗಾಳಿಯಲ್ಲಿ ಹಚ್ಚಿದ್ದು ತಪ್ಪು. ಅವನ ಗಂಟಲು ಆ ಹೊತ್ತಿಗೆ ಹೋಗಿದ್ದರೆ ಬೆಟ್ಟವೂ ಹೋಗುತ್ತಿತ್ತು. ಇನ್ನು ಮುಂದೆ ಆರತಿ ಗಾಳಿಯ ಕಾಲಕ್ಕೆ ಮುಂಚೆ, ಬೆಳಿಗ್ಗೆ, ನಾನೂ ಇರುವಾಗ. ಮೊದಲು ಗೆರೆಯಿಂದ ಕೆಳಕ್ಕೆ, ಆಮೇಲೆ ಕಲ್ಲಿನಿಂದ ಮೇಲಕ್ಕೆ. ಒಪ್ಪಿಗೆಯಾ?"

"ಸೋಮಾರ ಆಗ್ಬೇಕು" ಎಂದಳು ಬಸವಮ್ಮ.

"ಸೋಮವಾರವೇ ಆಗಲಿ. ಗಾಳಿ ಇರಬಾರದು."

"ಗಾಳಿ ನನ್ ಕೈಲದಾ ಸ್ವಾಮಿ?"

"ನನ್ನ ಕೈಯಲ್ಲೂ ಇಲ್ಲ. ಗಾಳಿಯಿದ್ದರೆ ಮುಂದಿನ ಸೋಮವಾರ."

ಹೀಗೆ ಚೌಕಾಸಿ ಮುಗಿಯಿತು. ಬಸವಮ್ಮ ಎಲೆಅಡಿಕೆಯ ಚೀಲವನ್ನು ಅಲ್ಲೇ ಬಿಚ್ಚಿ ರೇಂಜರಿಗೂ ಒಂದು ಎಲೆ ಮಡಚಿ ಕೊಟ್ಟಳು.

ಆ ವಾರವೇ ತೊಟ್ಟಿಲು ಕಟ್ಟಿದರು. ಹೆಸರನ್ನು ಕೂಸಿನ ಕಿವಿಯಲ್ಲಿ ಪಿಸುಗುಟ್ಟಬೇಕಲ್ಲ, ಅಪ್ಪನೇ ಹೇಳಲಿ ಎಂದಳು ಅಜ್ಜಿ. ಬೇರೆ ಯಾವ ವಾರವಾಗಿದ್ದರೂ ಕೂಸು ಬೆಚ್ಚಿ ತೊಟ್ಟಿಲಿನಿಂದ ಹಾರುತ್ತಿತ್ತು. ಗಂಟಲು ಬಿದ್ದಿದ್ದರಿಂದ ಪುಟ್ಟಮಾದಯ್ಯನಿಗೆ ಜನ್ಮದಲ್ಲಿ ಮೊದಲ ಬಾರಿ ಪಿಸುಗುಟ್ಟಲು ಬಂತು. "ಬೆಟ್ಟಮ್ಮ" ಎಂದ. ಕೂಸು ನಕ್ಕಿತು. ಮಲಯಾಳದ ಕಾಕಾ ಸಕ್ಕರೆ ಪೊಟ್ಟಣ ತಂದು, ಆದರೂ "ಮೋಳೇ" ಎಂದೇ ಕರೆದ.

ಆ ವರ್ಷ ಮಳೆ ಬಂದಾಗ ಸುಟ್ಟ ಪಟ್ಟಿಯಲ್ಲಿ ಹಸಿಹುಲ್ಲು ಎದ್ದಿತು. ಕೊಯ್ದುಕೊಂಡು ಹೋಗಬಹುದು, ದನ ಬಿಡುವಂತಿಲ್ಲ ಎಂದಾಯಿತು. ಮರಿಮಲ್ಲಪ್ಪನವರು ಗೊಣಗಿದರು, ಕೊಯ್ಯಿಸಿದರು. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಬೆಟ್ಟದ ಬಂಡೆಯ ಸಂದಿಯಲ್ಲಿ ಒಸರುವ ನೀರು ಬೇಸಿಗೆಯಲ್ಲೂ ನಿಲ್ಲದೆ ನಮ್ಮ ಕೆರೆಕಟ್ಟೆಗೆ ಬರತೊಡಗಿತು. ಗುಂಡ್ಲುಪೇಟೆಯಿಂದ ಬರುವ ಲಾರಿಯವರು ರಸ್ತೆಯಲ್ಲಿ ನಿಲ್ಲಿಸಿ ಬೆಟ್ಟದ ಮೇಲಿನ ಜಿಂಕೆಗಳನ್ನು ನೋಡಿ ಚಹಾ ಕುಡಿಯುತ್ತಿದ್ದರು. ಅದರಿಂದ ಲಾಭವಾದದ್ದು ಕಾಕಾನಿಗೆ.

ಬಹಳ ದಿನ ನನಗೆ ಒಂದು ಪ್ರಶ್ನೆ ಇತ್ತು. ಒಮ್ಮೆ ಬಸವಮ್ಮನ ತಲೆಯಲ್ಲಿ ಹೇನು ನೋಡುತ್ತ ಕೂತಿದ್ದಾಗ ಕೇಳಿಯೇಬಿಟ್ಟೆ. "ದೊಡ್ಡವ್ವ, ಅವತ್ತು ಮೇಲ್ನಿಂದ ಬಂದುದ್ದು ಬೆಟ್ಟದಪ್ಪುನ ಉರಿನೇಯಾ?"

"ಕಣ್ಣು ಕುರುಡಾಗಿತ್ತಾ ನನ್ಗ? ನನ್ ಮಗುನ್ ಕೂಗು ನನ್ಗ ಕೇಳ್ನಿಲ್ವಾ?" ಎಂದಳು. "ಅಂವ ಆರಿಸ್ನಿಲ್ಲ ಕಣಮ್ಮಿ. ಅಷ್ಟು ಸಾಕು ನನ್ಗ. ಅಲ್ಲಿ ಇನ್ನೊಂದು ಹೇನದೆ, ನೋಡು."

ಪುಟ್ಟಮಾದಯ್ಯನ ಗಂಟಲು ಹದಿನೈದು ದಿನಕ್ಕೆಲ್ಲ ಹಿಂದಿರುಗಿತು, ಮೊದಲಿಗಿಂತ ಜೋರಾಗಿ ಎಂದು ನಮ್ಮತ್ತೆ ಹೇಳುತ್ತಿದ್ದರು. ತಲೆ ನರೆಯುವವರೆಗೂ ಅವನು ಆ ಬೆಟ್ಟದ ವಾಚರನಾಗಿಯೇ ಇದ್ದ. ವರ್ಷವೆಲ್ಲ ಅಲ್ಲಿ ಬಾಯಿ ಮುಚ್ಚಿಕೊಂಡು ತಿರುಗಿದವನಿಗೆ ಉರಿಯಾರತಿಯ ದಿನ ಮಾತ್ರ ಕೂಗಲು ರೇಂಜರ ಅಪ್ಪಣೆ. ಮುಂದಿನ ವರ್ಷದ ಆರತಿ ನನಗೆ ಚೆನ್ನಾಗಿ ನೆನಪಿದೆ. ಮಂಜು ಇನ್ನೂ ಹುಲ್ಲಿನ ಮೇಲಿತ್ತು. ಮೇಲೆ ಗೆರೆಯ ಮೇಲೆ ಅರ್ಧ ಊರು, ಕೆಳಗೆ ಕಲ್ಲಿನ ಬಳಿ ಗಡಿಗೆ ಹಿಡಿದ ಇನ್ನರ್ಧ. ಬೆಟ್ಟಮ್ಮ ಅಜ್ಜಿಯ ಸೆರಗು ಹಿಡಿದು ತನ್ನ ಕಾಲ ಮೇಲೆ ನಿಂತಿದ್ದಳು. ಒಬ್ಬ ಅವಸರಗೇಡಿ ಕೆಳಗಿನ ಹುಲ್ಲಿಗೆ ಗಡಿಗೆ ಬಗ್ಗಿಸಲು ಹೋದ.

"ಯಾವನ್ಲಾ ಅಂವ, ಗಡುಗೆ ಎತ್ಲಾ" ಎಂದು ಮೇಲಿಂದ ಕೂಗು ಬಂತು. "ಮೇಲ್ನೋರು ಅಚ್ಚೋಗಂಟ ಕೆಳುಗ್ಲೋರು ಅಚ್ಚಂಗಿಲ್ಲ."

ಬಸವಮ್ಮ ನನ್ನ ಕಡೆ ತಿರುಗಿದಳು. "ನೋಡಮ್ಮಿ, ದೇವ್ರಿಗೇ ಸರದಿ ಏಳ್ಕೊಡ್ತಾವ್ನ ನನ್ ಮಗ" ಎಂದಳು. ಎಂದವಳು ತಾನೂ ತನ್ನ ಗಡಿಗೆಯ ಮೇಲೆ ಎಕ್ಕದೆಲೆಯನ್ನು ಮತ್ತೆ ಮುಚ್ಚಿ, ಮೇಲಿನ ಉರಿ ಇಳಿಯುವುದನ್ನೇ ಕಾಯುತ್ತ ನಿಂತಳು.